ಬಳೆಗಾರ್ತಿಯ ಮಗ ಗೌಸ್‌ಸಾಬ್

ಮಸ್ಕಿ ಪೊಲೀಸ್ ಚೌಕಿಯ ಜವಾನ ಗೌಸ್‌ಸಾಬನಿಗೆ ಕಳ್ಳರ ಭಯವಿರಲಿಲ್ಲ, ಒಂದು ಮಾತಿನ ಭಯವಿತ್ತು. ಸಿಟ್ಟು ಬಂದಾಗಲೆಲ್ಲ "ಕೈಗೆ ಬಳಿ ತೊಟ್ಟೀರೇನ್ಲೇ?" ಎಂದು ಗದರುವುದು ಚೌಕಿಯ ಮೇಲಧಿಕಾರಿ ಅಮೀನ್ ಸಾಹೇಬರ ರೂಢಿ. ಉಳಿದ ಜವಾನರು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದರು. ಗೌಸ್‌ಸಾಬನ ಕಿವಿ ಮಾತ್ರ ಕೆಂಪಾಗುತ್ತಿತ್ತು. ಅವನ ತಾಯಿ ಖಾತೂನ್‌ಬೀ ಬಳೆಗಾರ್ತಿ. ಬಳೆಬುಟ್ಟಿ ಹೊತ್ತು ಊರೂರು ತಿರುಗಿ ಮಗನಿಗೆ ನಾಲ್ಕಕ್ಷರ ಕಲಿಸಿದವಳು. ನಿಜಾಮನ ಆಳ್ವಿಕೆ ಮುಗಿದ ಮರುವರ್ಷ ಮಗ ಖಾಕಿ ತೊಟ್ಟ. ತೊಟ್ಟ ದಿನವೇ "ಅಮ್ಮಾ, ಇನ್ನ ನೀ ತಿರುಗೋದು ಸಾಕು" ಎಂದು ಬುಟ್ಟಿಯನ್ನು ಅಟ್ಟಕ್ಕೇರಿಸಿದ. ತಾಯಿಗೆ ವಯಸ್ಸಾಯಿತು ಎಂದು ಊರಿಗೆ ಹೇಳಿದ. ನಿಜವಾದ ಕಾರಣ ನಾಚಿಕೆ. ಅದು ಅವನಿಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದ. ತಾಯಿಗೆ ತಿಳಿಯದೆ ಇರುತ್ತದೆಯೇ?

1955ರ ಬೇಸಿಗೆಯಲ್ಲಿ ಗದ್ದೆಮ್ಮ ಎಂಬ ಕೂಲಿ ಹೆಂಗಸು ಚೌಕಿಯ ಮುಂದೆ ಬಂದು ಕುಂತಳು. ಪಾಮನಕಲ್ಲೂರಿಗೆ ಕೊಟ್ಟ ಮಗಳು ಅಮರಮ್ಮ ಗಂಡನ ಮನೆಯಿಂದ ಕಾಣೆಯಾಗಿ ಹದಿನೈದು ದಿನವಾಗಿತ್ತು. ಹುಲಿಯಾ ಬರೆದುಕೋ ಎಂದರು ಅಮೀನರು. ಹುಲಿಯಾ ಎಂದರೆ ಆಳಿನ ಚಹರೆ. ಅದನ್ನು ಬರೆದು ಲಿಂಗಸುಗೂರು, ಸಿಂಧನೂರು ಠಾಣೆಗಳಿಗೆ ಕಳಿಸಬೇಕು. ಫೋಟೋ ಎಂಬುದನ್ನು ಗದ್ದೆಮ್ಮನ ಕೇರಿ ಕಂಡೇ ಇರಲಿಲ್ಲ.

"ಮಗಳು ನೋಡಾಕ ಹ್ಯಾಂಗದಾಳ?" ಎಂದ ಗೌಸ್‌ಸಾಬ್.

"ಛಲೋ ಅದಾಳ್ರೀ."

"ಬಣ್ಣ?"

"ನನ್ನಂಗರೀ. ಎಲ್ಲಾರಂಗ." ಗದ್ದೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಗಂಡ ಕುಡದು ಹೊಡೀತಾನಂತ ಎರಡು ಸಲ ನನ್ನ ಮನಿಗಿ ಬಂದಿದ್ಲು ಸಾಹೇಬ್ರ. ಎರಡೂ ಸಲ ನಾನ ತಿರುಗಿ ಕಳಿಸೀನಿ. ಮೂರನೇ ಸಲ ನನ್ನ ಕಡಿ ಬರಲೇ ಇಲ್ಲ. ಜೀವಂತ ಇದ್ರ, ಬಾ ಅಂತ ಒಂದ್ ಮಾತು ಹೇಳಬೇಕ್ರೀ."

ಗೌಸ್‌ಸಾಬ್ ಪಾಮನಕಲ್ಲೂರಿಗೆ ಹೋದ. ಗಂಡನನ್ನು ಕೂರಿಸಿಕೊಂಡು ಕೇಳಿದ, ಅಕ್ಕಪಕ್ಕದವರನ್ನು ಕೇಳಿದ. ಬಾವಿಗಳಿಗೆಲ್ಲ ಪಾತಾಳಗರಡಿ ಬಿಡಿಸಿದ. ಮೂರು ಕೊಡ, ಒಂದು ಎತ್ತಿನ ಗಂಟೆ ಮೇಲೆ ಬಂದವು. ಠಾಣೆಗಳಿಗೆ ಹೋದ ಹುಲಿಯಾದಲ್ಲಿದ್ದದ್ದು ಇಷ್ಟೇ: ಬಣ್ಣ ಸಾಧಾರಣ, ಎತ್ತರ ಸಾಧಾರಣ. ಅದನ್ನು ನಂಬಿ ಹೊರಟರೆ ಜಿಲ್ಲೆಯ ಅರ್ಧ ಹೆಂಗಸರನ್ನು ಹಿಡಿದು ತರಬೇಕಿತ್ತು. ತಿಂಗಳಾಯಿತು. ಕಾಗದ ಕಟ್ಟಿಡು ಎಂದರು ಅಮೀನರು.

ಮಧ್ಯಾಹ್ನ ಊಟಕ್ಕೆ ಕುಂತವನು ಇದನ್ನೇ ಗೊಣಗಿದ. ಜೋಳ ಹಸನು ಮಾಡುತ್ತಿದ್ದ ಖಾತೂನ್‌ಬೀ ಮೊರದಿಂದ ಕಣ್ಣೆತ್ತಲಿಲ್ಲ.

"ಗದ್ದೆಮ್ಮನ ಮಗಳಾ? ಹುಣಸೀ ಗಿಡದಿಂದ ಬಿದ್ದು ಬಲಗೈ ಹೆಬ್ಬಟ್ಟಿನ ಬುಡ ಮುರಕೊಂಡಾಕಿ. ಎಲುಬು ಉಬ್ಬಿ ಕೂಡ್ಯಾದ. ಆಕಿ ಎಡಗೈಗೊಂದು ಅಳತಿ ಬಳಿ, ಬಲಗೈಗೆ ಅದಕ್ಕಿಂತ ದೊಡ್ಡವು. ಮದುವ್ಯಾಗ ನಾನ ಇಟ್ಟೀನಲ್ಲ!"

ಗೌಸ್‌ಸಾಬನ ಕೈಯ ತುತ್ತು ಅಲ್ಲೇ ನಿಂತಿತು.

"ದಿಕ್ಕಿಲ್ಲದ ಹೆಣ್ಣು ಈಗ ಎಲ್ಲಿಗೆ ಹೋಗ್ತಾಳ? ಕಾಲುವಿ ಕೆಲಸಕ್ಕ," ಎಂದಳು ಖಾತೂನ್‌ಬೀ. "ಮಣ್ಣು ಹೊರೋರ ಕೈಯಾಗ ಬಳಿ ತಿಂಗಳ ತಾಳಂಗಿಲ್ಲ. ಗಂಡ ಎಂಥಾವನರ ಇರಲಿ, ಬದುಕ್ಯಾನ. ಬರಿಗೈಲೆ ಇರಾಕ ಆಕಿ ಮನಸು ಒಪ್ಪಂಗಿಲ್ಲ. ನೀ ಮಂದೀನ ಕೇಳಬ್ಯಾಡ ಬೇಟಾ. ಬಳಿಗಾರರನ್ನ ಕೇಳು."

ಅಮೀನರನ್ನು ಕಾಡಿ ಬೇಡಿ ಎರಡು ದಿನ ಪಡೆದ. ಸಿಂಧನೂರು ಸಂತೆಯ ಬಳೆಗಾರರನ್ನೆಲ್ಲ ಕೇಳಿದ, ಸಾಲಗುಂದದಲ್ಲಿ ಕೇಳಿದ. ಎಲ್ಲರೂ ಇಲ್ಲವೆಂದರು. ಎರಡನೆಯ ದಿನ ತುರ್ವಿಹಾಳದ ಹತ್ತಿರ, ಕಾಲುವೆ ಅಗೆಯುವವರ ಗುಡಿಸಲುಗಳ ನಡುವೆ ಬುಟ್ಟಿ ಇಟ್ಟು ಕುಂತಿದ್ದ ಶಾಕೀರಾ ಎಂಬುವಳು ಪ್ರಶ್ನೆ ಮುಗಿಯುವ ಮೊದಲೇ ಹಾರಿಬಿದ್ದಳು.

"ಎರಡಳತಿ ಕೈಯಾಕೀನಾ? ನಾಕು ಬಳಿ ಒಡದ ಮ್ಯಾಲ ನನಗ ತಿಳೀತ್ರೀ! ಅಕೋ, ಅಲ್ಲಿ ಅದಾಳ ನೋಡ್ರಿ."

ಮಣ್ಣಿನ ಬುಟ್ಟಿ ಹೊತ್ತ ಸಾಲಿನಲ್ಲಿ ಅಮರಮ್ಮ ಇದ್ದಳು. ಖಾಕಿ ಕಂಡದ್ದೇ ಬುಟ್ಟಿ ಇಳಿಸಿ ಸೆಟೆದು ನಿಂತಳು. "ನಾ ಆ ಮನಿಗಿ ಬರಂಗಿಲ್ರೀ. ಬೇಕಂದ್ರ ಜೇಲಿಗೆ ಹಾಕ್ರಿ."

"ಆ ಮನಿಗಿ ಅಲ್ಲವ್ವ. ಇಲ್ಲೇ ಇರತೀನಂದ್ರ ಇರು, ಹಂಗಂತ ಬರಕೊಂಡು ಹೋಗ್ತೀನಿ. ನಿಮ್ಮವ್ವ ಬಾ ಅಂದಾಳ, ಅಷ್ಟ ಹೇಳಾಕ ಬಂದೀನಿ."

ಅಮರಮ್ಮ ಅಗೆದ ಮಣ್ಣಿನ ಮೇಲೆ ಕುಸಿದು ಕುಂತು ಅತ್ತಳು. ಅತ್ತು ಮುಗಿಸಿ, ಗುಡಿಸಲಿನಿಂದ ತನ್ನ ಗಂಟು ತಂದಳು.

ಚೌಕಿಯಲ್ಲಿ ಮಗಳನ್ನು ಅಪ್ಪಿಕೊಂಡು ಬಿಟ್ಟ ಮೇಲೆ ಗದ್ದೆಮ್ಮ ಜವಾನನ ಕಾಲಿಗೆ ಬಗ್ಗಿದಳು. ಅವನು ಹಿಂದೆ ಸರಿದ. "ನನಗಲ್ಲವ್ವ. ಬರ್ರಿ ನನ್ನ ಕೂಡ."

ಮನೆಗೆ ಬಂದವರ ಮುಖ ನೋಡುವ ಮೊದಲೇ ಖಾತೂನ್‌ಬೀ ಅಮರಮ್ಮನ ಬಲಗೈ ಹಿಡಿದಳು. ಗದ್ದೆಮ್ಮನ ಕೇರಿಯವರನ್ನು ಊರು ಮುಟ್ಟದ ಕಾಲದಲ್ಲೂ ಅಲ್ಲಿಯ ಪ್ರತಿ ಕೈಯನ್ನು ಮೆತ್ತಗೆ ಒತ್ತಿ ಬಳೆ ಇಟ್ಟವಳು ಅವಳು. ಗದ್ದೆಮ್ಮ ಆ ಮುದಿ ಕೈಯನ್ನು ಕಣ್ಣಿಗೊತ್ತಿಕೊಂಡಳು.

"ನಾ ಹೆತ್ತಾಕಿ, ಮಗಳ ಗುರುತು ಹೇಳಾಕ ನನಗ ಬರಲಿಲ್ಲ. ನಿನಗ ಬಂತು ನಮ್ಮವ್ವಾ. ನಿನ್ನ ಹೊಟ್ಟಿ ತಣ್ಣಗಿರಲಿ."

"ಈ ಬಳಿ ಸಡಲ ಅದಾವ," ಎಂದಳು ಖಾತೂನ್‌ಬೀ. "ಬುಟ್ಟಿ ಇದ್ದಿದ್ರ ಬ್ಯಾರೇವು ಇಡತಿದ್ದೆ."

ಗೌಸ್‌ಸಾಬನಿಗೆ ಅಟ್ಟದ ನೆನಪಾಯಿತು. ತನ್ನ ಅನ್ನ, ಅಕ್ಷರ, ಇವತ್ತಿನ ಈ ಹೆಸರು, ಎಲ್ಲವೂ ಆ ಬುಟ್ಟಿಯಿಂದಲೇ ಬಂದದ್ದು. ಅಟ್ಟ ಹತ್ತಿ ಬುಟ್ಟಿ ಇಳಿಸಿ, ಧೂಳು ಝಾಡಿಸಿ ತಾಯಿಯ ಮುಂದಿಟ್ಟ. "ತಪ್ಪಾತಮ್ಮಾ," ಎಂದ.

ಮುಂದಿನ ಸಂತೆಯ ದಿನ ಖಾಕಿ ತೊಟ್ಟೇ, ಬಳೆಬುಟ್ಟಿ ಹೊತ್ತು ತಾಯಿಯ ಹಿಂದೆ ಹೊರಟ. ಹೋಟೆಲಿನ ಮುಂದೆ ಅಮೀನರು ಚಹಾ ಕುಡಿಯುತ್ತಿದ್ದರು.

"ಏನಲೇ ಗೌಸ್, ಬಳಿ ತೊಡಾಕ ಹೊಂಟೀಯೇನು?"

"ಅಲ್ರೀ ಸಾಹೇಬ್ರ, ನಮ್ಮಮ್ಮ ಇಡಾಕ ಹೊಂಟಾಳ. ಅಮರಮ್ಮನ್ನ ಹುಡುಕಿದಾಕಿ ಇವಳರೀ."

ಅಮೀನರು ಬಟ್ಟಲು ಕೆಳಗಿಟ್ಟು ಎದ್ದು ನಿಂತು ಖಾತೂನ್‌ಬೀಗೆ ಸಲಾಂ ಮಾಡಿದರು.