ತೊಟ್ಟಿಲಿನ ಕಲ್ಲು

ಇದು ಹೀಗೆಯೇ ನಡೆಯಿತು ಎಂದು ಹೇಳುವ ಧೈರ್ಯ ಈಗ ನನಗಿಲ್ಲ. ಈ ಬೇಸಿಗೆಗೆ ಮುಂಚೆ ಕೇಳಿದ್ದರೆ ಧೈರ್ಯವಾಗಿ ಹೇಳುತ್ತಿದ್ದೆ. ಮೂವತ್ತು ವರ್ಷಕ್ಕೂ ಮೇಲೆ ಹೇಳುತ್ತಲೇ ಬಂದವನು ನಾನು. ಸೇಡಂನ ನಮ್ಮ ಮನೆಯ ಮುಂದೆ ಒಂದು ಬೆಳಿಗ್ಗೆ ಅಪ್ಪ ತಮ್ಮ ಸ್ಕೂಟರಿನ ಸೈಡ್‌ಕಾರಿನಿಂದ ಕಲ್ಲನ್ನು ಎತ್ತಿ ಸುಣ್ಣದ ಗೋಡೆಗೆ ಆನಿಸಿದರು, ‘ಇದ್ರದೇನು ಕೆಲಸ’ ಎಂದರು, ಖಾಲಿ ಗಾಡಿ ಹೊಡೆದುಕೊಂಡು ಹೋದರು. ಅವರ ಬಿಳಿ ಅಂಗಿಯ ತೋಳಿಗೆ ಸುಣ್ಣ ಹತ್ತಿದ್ದು ಕೂಡ ನನಗೆ ಕಾಣುತ್ತದೆ. ಅದೇ ಸಂಜೆ ಚಿತ್ತಾಪುರದಿಂದ ವಾಪಸು ಬರುವಾಗ ಒಂದು ಎಡ ತಿರುವಿನಲ್ಲಿ ಗಾಡಿ ಮಗುಚಿ ಅವರ ಬಲಭುಜ ಮುರಿಯಿತು.

ಕಲ್ಲಿನ ವಿಷಯ ಮೊದಲು ಹೇಳಬೇಕು. ಸ್ಕೂಟರಿಗೆ ಎಡಗಡೆ ಜೋಡಿಸಿದ, ಒಂದು ಚಕ್ರದ, ಮೇಲೆ ಮುಚ್ಚಿಗೆ ಇಲ್ಲದ ಆ ಗೂಡನ್ನು ನಮ್ಮ ಮನೆಯಲ್ಲಿ ‘ತೊಟ್ಟಿಲು’ ಎನ್ನುತ್ತಿದ್ದರು. ಯಾರೂ ಕೂರದಿದ್ದಾಗ ಅದರ ಮೇಲೆ ತಾಡಪತ್ರಿ, ಅಂದರೆ ಟಾರ್ಪಾಲು, ಹೊಚ್ಚಿಡುತ್ತಿದ್ದರು. ಅದರಲ್ಲಿ ಯಾರಾದರೂ ಕುಳಿತಿದ್ದರೆ ಗಾಡಿ ನೆಟ್ಟಗೆ ಹೋಗುತ್ತದೆ. ಖಾಲಿ ಇದ್ದರೆ ಎಡಕ್ಕೆ ತಿರುಗುವಾಗ ತೊಟ್ಟಿಲಿನ ಚಕ್ರ ನೆಲ ಬಿಟ್ಟು ಏಳುತ್ತದೆ, ವೇಗ ಇದ್ದರೆ ಇಡೀ ಗಾಡಿ ಬಲಕ್ಕೆ ಮಗುಚುತ್ತದೆ. ಅದಕ್ಕೆ ಒಂಟಿಯಾಗಿ ಹೊರಟವರು ತೂಕಕ್ಕೆ ಏನಾದರೂ ಇಟ್ಟುಕೊಳ್ಳಲೇಬೇಕು. ಅಪ್ಪ ಸರ್ವೇಯರ್. ಸೇಡಂ, ಚಿಂಚೋಳಿ ಕಡೆಯ ಹೊಲಗಳ ಅಳತೆ ಅವರ ಕೆಲಸ. ತೊಟ್ಟಿಲಿನ ತಳವನ್ನು ಅಳೆದು, ಕಾಗದದ ಮೇಲೆ ಬರೆದು, ಶಹಾಬಾದಿನ ಕಲ್ಲುಕುಟಿಗನಿಂದ ಒಂದು ದಪ್ಪನೆಯ ಫರಸಿ ಚಪ್ಪಡಿ ಕಡಿಸಿ ತಂದಿದ್ದರು. ಅಲುಗಾಡದಂತೆ ಕೂರಬೇಕೆಂದು ಮುಂದಿನ ಎರಡು ಮೂಲೆ ಕತ್ತರಿಸಿ, ತಳದಲ್ಲಿ ಎದ್ದಿದ್ದ ಒಂದು ಬೋಲ್ಟಿನ ತಲೆಗಾಗಿ ಅಂಚಿನಲ್ಲಿ ಅರ್ಧಚಂದ್ರ ತೆಗೆಸಿದ್ದರು. ಮನೆಯಲ್ಲಿ ಒಂದೇ ನಿಯಮ: ಯಾರನ್ನಾದರೂ ಕೂರಿಸಲು ಕಲ್ಲು ತೆಗೆದವನೇ ಮತ್ತೆ ಕಲ್ಲು ಇಡಬೇಕು.

ಅಷ್ಟು ಲೆಕ್ಕದ ಮನುಷ್ಯ ಒಂದು ದಿನ ಹಟಕ್ಕೆ ಕಲ್ಲನ್ನು ಬಿಟ್ಟು ಹೋದ ಎಂಬುದೇ ನನ್ನ ಕಥೆಯ ಸ್ವಾರಸ್ಯವಾಗಿತ್ತು. ನಾನು ಇತಿಹಾಸದ ಮೇಷ್ಟ್ರು. ಪ್ರತಿ ವರ್ಷ ಹೊಸ ಹುಡುಗರಿಗೆ ಸಾಕ್ಷ್ಯದ ಪಾಠ ಮಾಡುವಾಗ ಈ ಕಥೆ ಹೇಳಿ, ‘ಇದನ್ನ ನಾನು ಕಂಡದ್ದು, ಕೇಳಿದ್ದಲ್ಲ’ ಎಂದು ವ್ಯತ್ಯಾಸ ವಿವರಿಸುತ್ತಿದ್ದೆ. ಅಪ್ಪನ ಮುಂದೆಯೂ ಹೇಳಿದ್ದೇನೆ. ಅವರು ಚಹಾದ ಬಟ್ಟಲನ್ನು ಎಡಗೈಯಲ್ಲಿ ಹಿಡಿದುಕೊಂಡು ನಗುತ್ತಿದ್ದರು. ಬಲಗೈ ಆಮೇಲೆ ಭುಜದ ಮೇಲಕ್ಕೆ ಏಳಲೇ ಇಲ್ಲ. ಹೊಲದ ಕೆಲಸ ಬಿಟ್ಟು ಕಚೇರಿಯಲ್ಲಿ ನಕ್ಷೆಗಳ ಕಪಾಟಿನ ಪಕ್ಕ ಕುರ್ಚಿ ಹಾಕಿಸಿಕೊಂಡರು. ನಿವೃತ್ತಿಯವರೆಗೂ ಅಲ್ಲೇ ಇದ್ದರು.

ಅವರು ತೀರಿಹೋದ ಮೇಲೆ ಗಾಡಿ ನನ್ನ ಪಾಲಿಗೆ ಬಂತು. ಅದನ್ನು ಕಂಡರೆ ನನಗೆ ಪ್ರೀತಿಗಿಂತ ಮುನಿಸೇ ಹೆಚ್ಚು. ಆದರೂ ಓಡಿಸಿದೆ. ನನ್ನ ಹೆಂಡತಿ ತೊಟ್ಟಿಲಿನಲ್ಲಿ ಕೂರುತ್ತಿದ್ದಳು. ಒಂಟಿಯಾಗಿ ಹೋಗುವಾಗ ಒಂದು ಮರಳಿನ ಚೀಲ ಇಟ್ಟುಕೊಳ್ಳುತ್ತಿದ್ದೆ. ಕಲ್ಲು ಎಲ್ಲಿ ಹೋಯಿತೆಂದು ನಾನು ಯಾರನ್ನೂ ಕೇಳಿರಲಿಲ್ಲ. ಗೋಡೆಗೆ ಆನಿಸಿದ್ದು ಕಣ್ಣ ಮುಂದಿದ್ದರೂ, ಆ ಗೋಡೆಯ ಬುಡದಲ್ಲಿ ಅದು ಯಾಕೆ ಇಲ್ಲ ಎಂದು ನನಗೆ ಹೊಳೆದೇ ಇರಲಿಲ್ಲ.

ಈ ವರ್ಷ ಹೋಳಿಯ ನಂತರ ವಾಡಿಯಿಂದ ಒಂದು ಸುದ್ದಿ ಬಂತು. ಸಿಮೆಂಟ್ ಕಾರ್ಖಾನೆಯಿಂದ ನಿವೃತ್ತರಾದ ಪರಿಚಯದ ಎಂಜಿನಿಯರೊಬ್ಬರು ತಮ್ಮ ಮೂರು ಚಕ್ರದ ತೆರೆದ ಗಾಡಿಯನ್ನು ಮಾರುವವರಿದ್ದರು. ನೋಡಲು ನಾವಿಬ್ಬರೂ ಹೋದೆವು. ಮುಂದೆ ಎರಡು ಚಕ್ರ, ಹಿಂದೆ ದಪ್ಪನೆಯ ಒಂದು. ಬಾಗಿಲಿಲ್ಲ, ಮುಚ್ಚಿಗೆ ಇಲ್ಲ. ನೆಲದಿಂದ ಗೇಣು ಮೇಲೆ ಪಕ್ಕಪಕ್ಕದಲ್ಲಿ ಎರಡು ಸೀಟು. ಕೆಂಪು ಬಣ್ಣದ ಮೇಲೆ ವಾಡಿಯ ಬೂದು ಧೂಳು ತೆಳ್ಳಗೆ ಕೂತಿತ್ತು.

“ಕುಂದ್ರಿ ಸರ್,” ಎಂದರು ಎಂಜಿನಿಯರ್. “ಕುಂದ್ರೂದು ಸರಳ ಅದ. ಏಳೂದು ಹೆಂಗಂತ ಆಮ್ಯಾಲ ಹೇಳ್ತೀನಿ.”

ಅವರ ಕಷ್ಟವೇ ಅದು. ಎರಡೂ ಮೊಣಕಾಲು ಹೋಗಿವೆ. ಕೂತರೆ ಎಬ್ಬಿಸಲು ಇಬ್ಬರು ಬೇಕು. ಅದಕ್ಕೆ ಅವರಿಗೆ ಎತ್ತರದ ಸೀಟಿನ, ನಿಲ್ಲಿಸಿದಾಗ ಕಾಲೂರಬೇಕಿಲ್ಲದ ನಮ್ಮ ಹಳೇ ಗಾಡಿಯ ಮೇಲೆ ಕಣ್ಣಿತ್ತು. ಅದನ್ನು ಕೊಟ್ಟು ಇದನ್ನು ಒಯ್ಯಬಹುದು ಎಂದರು. ಹೈದರಾಬಾದಿನವರೊಬ್ಬರು ಕೇಳುತ್ತಿದ್ದಾರೆ, ಸೋಮವಾರದೊಳಗೆ ಹೇಳಬೇಕು ಎಂದರು.

ನಾನು ಹೆಂಡತಿಯನ್ನು ಕೂರಿಸಿಕೊಂಡು ರೈಲ್ವೆ ಕ್ವಾರ್ಟರ್ಸ್ ದಾಟಿ ಹೋಗಿ ಬಂದೆ. ಎಡ ತಿರುವಿನಲ್ಲಿ ಗಾಡಿ ನೆಲ ಕಚ್ಚಿಕೊಂಡು ತಿರುಗಿತು. ಯಾವ ಕಲ್ಲೂ ಬೇಡ, ಚೀಲವೂ ಬೇಡ. ಇಳಿದಾಗ ಅವಳ ಮುಖ ಅರಳಿತ್ತು.

“ಇದ್ರಾಗ ಮಗ್ಗಲಿಗೆ ಕುಂತು ಮಾತಾಡ್ಬಹುದಲ್ರಿ,” ಎಂದಳು. “ಇಪ್ಪತ್ತಾರು ವರ್ಷ ಆತು, ನಿಮ್ಮ ಮೊಣಕಾಲ ನೋಡಕೋತ ತಿರಗೀನಿ.”

ಕಾಲೇಜಿನ ಗೆಳೆಯನಿಗೆ ಹೇಳಿದರೆ, “ಸೇಡಂ ಬಿಸಿಲಾಗ ಮ್ಯಾಲೇನೂ ಇಲ್ಲದ ಗಾಡಿ? ಹಪ್ಪಳ ಒಣಗಸ್ತೀರೇನ್ರಿ?” ಎಂದ. ಹಳೆಯದಕ್ಕೂ ಮೇಲೇನೂ ಇಲ್ಲ ಎಂದೆ. “ಅದ್ರಾಗ ಹಪ್ಪಳ ಆದವರು ನಿಮ್ಮ ಮನಿಯವರು. ಈಗ ನಿಮ್ಮ ಪಾಳಿ,” ಎಂದ. ನಾನು ಬಹುಮಟ್ಟಿಗೆ ನಿರ್ಧರಿಸಿಬಿಟ್ಟಿದ್ದೆ. ಅಪ್ಪನ ಹಟಮಾರಿತನದ ಗುರುತೊಂದು ಅಂಗಳದಿಂದ ಹೋದರೆ ಒಳ್ಳೆಯದೇ ಅನಿಸಿತ್ತು.

ಎಂಜಿನಿಯರ್ ಶುಕ್ರವಾರ ಫೋನ್ ಮಾಡಿ ಒಂದೇ ಮಾತು ಕೇಳಿದರು. “ಸರ್, ನಿಮ್ಮ ತಂದಿಯವರು ಅದಕ್ಕಂತ ಕಡಿಸಿದ ಕಲ್ಲೊಂದು ಇತ್ತಂತಲ್ಲ. ಅದೂ ಕೊಡ್ರಿ ಮತ್ತ. ನನಗ ಗಾಡಿ ಪೂರಾ ಬೇಕು.”

ಎಲ್ಲಿದೆಯೋ ನನಗೆ ಗೊತ್ತಿಲ್ಲ ಎಂದು ಹೇಳಲು ನಾಚಿಕೆಯಾಯಿತು. ಚಿತ್ತಾಪುರದಲ್ಲಿರುವ ಅಕ್ಕನಿಗೆ ಫೋನ್ ಹಚ್ಚಿದೆ. ಹಳೇ ಸಾಮಾನಿನ ವಿಷಯದಲ್ಲಿ ನಮ್ಮ ಮನೆಯ ನೆನಪೆಲ್ಲ ಅವಳದೇ.

“ಅಕ್ಕ, ಅಪ್ಪನ ಗಾಡಿ ಕಲ್ಲು ನೆನಪದ ಏನು ನಿನಗ?”

“ಯಾಕಿಲ್ಲ? ಈಗ ಅದ್ರ ಮುಂದೇ ನಿಂತೀನಿ. ನಳದ ಬುಡಕ ಅದಲ್ಲೋ, ಅರಬಿ ಒಗಿಯೂ ಕಲ್ಲು.”

“ನಿಮ್ಮನಿಗೆ ಹೆಂಗ ಬಂತದು?”

ಅವಳು ನಳ ನಿಲ್ಲಿಸಿದಳು.

“ನೀನೇ ಇಟ್ಟು ಹೋಗಿ ನನಗ ಕೇಳ್ತಿ?”

ಭಾನುವಾರ ಬೆಳಿಗ್ಗೆ ಹೆಂಡತಿಯನ್ನು ತೊಟ್ಟಿಲಿನಲ್ಲಿ ಕೂರಿಸಿಕೊಂಡು ಚಿತ್ತಾಪುರಕ್ಕೆ ಹೋದೆ. ಹಿತ್ತಲಿನಲ್ಲಿ ನಳದ ಬುಡಕ್ಕೆ ಸಿಮೆಂಟಿನಲ್ಲಿ ಕೂರಿಸಿದ ಫರಸಿ ಇತ್ತು. ಒಗೆದೂ ಒಗೆದೂ ನಡುವೆ ತಗ್ಗು ಬಿದ್ದು ನುಣ್ಣಗಾಗಿತ್ತು. ಅಂಚುಗಳೆಲ್ಲ ಸಿಮೆಂಟಿನೊಳಗೆ ಹೂತಿದ್ದವು. ಅದು ಯಾವ ಕಲ್ಲಾದರೂ ಆಗಿರಬಹುದಿತ್ತು. ನಾನು ಹಾಗೇ ಅಂದೆ.

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಮೆಟ್ಟಿಲ ಮೇಲೆ ಕೂತಳು. ಅವಳು ಹೇಳಿದ್ದನ್ನು ಅವಳು ಹೇಳಿದಂತೆಯೇ ಬರೆಯುತ್ತೇನೆ.

“ನಾ ಆಗ ಏಳು ತಿಂಗಳ ಬಸರಿ. ನೀ ಯೂನಿವರ್ಸಿಟಿ ರಜಾಕ್ಕ ಬಂದು ವಾರದಿಂದ ಇಲ್ಲೇ ಇದ್ದಿ. ಅಪ್ಪ ಕೋರ್ಟಿನಾಗ ಸಾಕ್ಷಿ ಹೇಳೂದದಂತ ಒಬ್ಬರೇ ಬಂದಿದ್ರು, ಕಲ್ಲು ಇಟಗೊಂಡು. ಉಂಡು ಮಲಗಿದ್ರು. ಬಿಸಿಲಾಗ ನಡೀಬ್ಯಾಡ ಅಕ್ಕಾ ಅಂತ ನೀ ಕಲ್ಲು ಎತ್ತಿ ಇಲ್ಲಿ ಗ್ವಾಡಿಗಿ ಆನಸಿದಿ. ನನಗ ಕುಂದ್ರಿಸಿಕೊಂಡು ದವಾಖಾನಿಗೆ ಒಯ್ದು ತಂದಿ. ತಂದು ತಾಡಪತ್ರಿ ಹೊಚ್ಚಿದಿ. ಕಲ್ಲು ಇಡಲಿಲ್ಲ. ಅಪ್ಪ ಎದ್ರು, ಚಹಾ ಕುಡದ್ರು, ಹೋದ್ರು. ಮ್ಯಾಲ ತಾಡಪತ್ರಿ ಇತ್ತಲ್ಲ, ಒಳಗ ಕಲ್ಲದಂತ ತಿಳಕೊಂಡ್ರು.”

“ನಾ ಆವತ್ತು ಸೇಡಂನಾಗಿದ್ದೆ,” ಎಂದೆ. “ಅಪ್ಪ ಗೋಡೆಗೆ ಕಲ್ಲು ಆನಿಸಿದ್ದು ನಾ ಕಂಡೀನಿ.”

“ಗ್ವಾಡಿಗಿ ಆನಸಿದ್ದು ಖರೇ,” ಎಂದಳು ಅಕ್ಕ. “ಆನಸಿದಾಂವ ನೀನು. ನಮ್ಮ ಗ್ವಾಡಿಗೂ ಆಗ ಸುಣ್ಣಾನೇ ಇತ್ತು.”

ನನ್ನ ಕೈಕಾಲು ತಣ್ಣಗಾದವು. ಆ ಬಿಸಿಲಿನಲ್ಲಿ ತಣ್ಣಗಾದದ್ದು ಚೆನ್ನಾಗಿ ನೆನಪಿದೆ. ಹೀಗೆ ಬರೆಯುವಾಗಲೇ ನನ್ನ ‘ನೆನಪಿದೆ’ಗೆ ಏನು ಬೆಲೆ ಎಂಬ ಪ್ರಶ್ನೆಯೂ ಏಳುತ್ತದೆ. ಬಿಳಿ ಅಂಗಿ, ತೋಳಿನ ಸುಣ್ಣ, ಎತ್ತಿ ಆನಿಸುವಾಗ ಬಾಗಿದ ಬೆನ್ನು ಎಲ್ಲ ಸ್ಪಷ್ಟವಾಗಿವೆ. ಆದರೆ ಆ ಚಿತ್ರದಲ್ಲಿ ಅಪ್ಪನ ಮುಖ ಯಾವತ್ತೂ ಇರಲಿಲ್ಲ ಎಂಬುದು ಆ ಮೆಟ್ಟಿಲ ಬಳಿ ಮೊದಲ ಬಾರಿಗೆ ಗಮನಕ್ಕೆ ಬಂತು.

“ಇಷ್ಟು ವರ್ಷ ಯಾಕ ಹೇಳಲಿಲ್ಲ?” ಎಂದು ಕೇಳಿದವಳು ನನ್ನ ಹೆಂಡತಿ.

“ಅಂವಗ ಗೊತ್ತದಂತ ತಿಳದೀನವಾ. ಗೊತ್ತಿದ್ದೂ ಅಪ್ಪನ ಮ್ಯಾಲ ಹಾಕಿ ನಗಸ್ತಾನಂತ ಸಿಟ್ಟೂ ಇತ್ತು ನನಗ. ಅಪ್ಪ ಮಾತ್ರ ಬಾಯಿ ಬಿಡಬ್ಯಾಡ ಅಂದಿದ್ರು. ತಾಡಪತ್ರಿ ಎತ್ತಿ ನೋಡಲಾರದ್ದು ನನ್ನ ತಪ್ಪು, ಓದೂ ಹುಡುಗನ ತಲಿಗಿ ಅದನ್ನ ಹಚ್ಚಬ್ಯಾಡ ಅಂದ್ರು.”

ನಾನು ಎದ್ದು ಅಂಗಳಕ್ಕೆ ಬಂದೆ. ಎಡಗೈಯಲ್ಲಿ ಬಟ್ಟಲು ಹಿಡಿದು ನಗುತ್ತಿದ್ದ ಅಪ್ಪ. ನನ್ನ ಕ್ಲಾಸುಗಳಲ್ಲಿ ನಕ್ಕ ಹುಡುಗರು. ಒಬ್ಬ ಮನುಷ್ಯನ ಕೈ ಮುರಿದು, ಆಮೇಲೆ ಅವನ ಎದುರಿಗೇ ಕೂತು ಅವನದೇ ಅಜಾಗರೂಕತೆ ಎಂದು ಕಥೆ ಕಟ್ಟಿ ಹೇಳಿದ್ದೆ. ಆತ ಪ್ರತಿ ಸಲವೂ ಕೇಳಿ ನಕ್ಕಿದ್ದ. ಇದು ನಿಜವಾದರೆ ಎಂಬ ‘ರೆ’ಯನ್ನು ನಾನು ಆವತ್ತು ಬಿಟ್ಟಿರಲಿಲ್ಲ. ನನ್ನ ನೆನಪು ಸುಳ್ಳಾಗಬಹುದಾದರೆ ಅಕ್ಕನದೂ ಆಗಬಹುದು ಎಂದು ನನಗೆ ನಾನೇ ಹೇಳಿಕೊಂಡೆ.

ಹೊರಡುವಾಗ ಹೆಂಡತಿ ತೊಟ್ಟಿಲಿನ ಹತ್ತಿರ ನಿಂತಳು, ಹತ್ತಲಿಲ್ಲ.

“ಕಲ್ಲು ಕೀಳಸ್ತೀರಿ?” ಎಂದಳು.

“ಕೀಳ್ಸಂಗಿಲ್ಲ,” ಎಂದಳು ಹಿಂದಿನಿಂದ ಅಕ್ಕ. “ನಾ ಎಲ್ಲಿ ಅರಬಿ ಒಗೀಲಿ?”

ಸೋಮವಾರ ಎಂಜಿನಿಯರಿಗೆ ಫೋನ್ ಮಾಡಿ, ಗಾಡಿ ಕೊಡುವುದಿಲ್ಲ ಎಂದೆ. “ಕಲ್ಲಿಲ್ಲಂದ್ರೂ ನಡೀತದ್ರಿ ಸರ್, ನಾ ಸುಮ್ನ ಕೇಳಿದ್ದೆ,” ಎಂದರು ಪಾಪ. ಕಲ್ಲಿನ ಮಾತಲ್ಲ ಎಂದೆ. ಅಪ್ಪನ ಹಟದ ಗುರುತೆಂದು ಬಿಡಹೊರಟಿದ್ದ ಗಾಡಿ ನನ್ನದೇ ತಪ್ಪಿನ ಗುರುತಾಗಿರಬಹುದು ಎಂದು ಅವರಿಗೆ ಹೇಗೆ ಹೇಳಲಿ. ಕೆಂಪು ಗಾಡಿ ಹೈದರಾಬಾದಿಗೆ ಹೋಯಿತು.

ಹೆಂಡತಿ ಎರಡು ದಿನ ನನ್ನ ಜೊತೆ ಮಾತು ಕಡಿಮೆ ಮಾಡಿದಳು. ಅವಳು ಕಳೆದುಕೊಂಡದ್ದೂ ಸಣ್ಣದಲ್ಲ. ಮೂರನೆಯ ದಿನ ಸ್ಕೂಟರಿನ ಕೀಲಿಯನ್ನು ಮೊಳೆಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಂದಳು. “ಹೊಸಾದು ಬ್ಯಾಡಂದ್ರಿ, ಬ್ಯಾಡ. ಆದ್ರ ನಾ ಇನ್ನ ಆ ತೊಟ್ಟಿಲದಾಗ ಕುಂದ್ರಂಗಿಲ್ಲ. ನನಗ ಹೊಡೀಲಿಕ್ಕ ಕಲಸ್ರಿ. ನೀವು ಕುಂದ್ರಿ ಅಲ್ಲಿ.”

ಕಾಲೇಜಿನ ಮೈದಾನದಲ್ಲಿ ಒಂದು ತಿಂಗಳು ಕಲಿಸಿದೆ. ಲೈಸೆನ್ಸ್ ಬಂದ ಮೇಲೆ ಅವಳು ಮೊದಲು ಹೊಡೆದದ್ದು ಚಿತ್ತಾಪುರಕ್ಕೆ. ವಾಪಸು ಬರುವಾಗ ಆ ತಿರುವಿನಲ್ಲಿ ನಾನು ತೊಟ್ಟಿಲಿನಲ್ಲಿದ್ದೆ. ತೊಗರಿಯ ಹೊಲಗಳು ಬೋಳಾಗಿದ್ದವು. ಎಡಕ್ಕೆ ತಿರುಗುವಾಗ ನನ್ನ ಕೆಳಗಿನ ಚಕ್ರ ಹಗುರಾಗಿ, ಒಮ್ಮೆ ನೆಲ ಬಿಡಲು ನೋಡಿ, ನನ್ನ ತೂಕಕ್ಕೆ ಮತ್ತೆ ಕೂತಿತು. ಅಷ್ಟು ಹೊತ್ತು ನಾನು ತೊಟ್ಟಿಲಿನ ಅಂಚು ಹಿಡಿದುಕೊಂಡಿದ್ದೆ. ಅವಳು ಮುಂದೆ ನೋಡುತ್ತಲೇ, “ಕಲ್ಲಿಗಿಂತ ನೀವೇ ಛಲೋ, ಆದ್ರ ಮಾತಾಡ್ತೀರಿ,” ಎಂದಳು. ನಾನು ಒಂದು ಮಾತೂ ಆಡಿರಲಿಲ್ಲ.

ಮಳೆಗಾಲದ ಹೊತ್ತಿಗೆ ಅಕ್ಕನ ಹಿತ್ತಲಿನ ನಳದ ಪೈಪು ಒಡೆದು ಗೌಂಡಿ ಬಂದ. ಕಲ್ಲು ಕಿತ್ತು ಮತ್ತೆ ಕೂರಿಸಬೇಕಾಗಿತ್ತು. ಅಕ್ಕ ಫೋನ್ ಮಾಡಿ, “ನಿನಗ ಸಾಕ್ಷಿ ಬೇಕಲ್ಲ, ಬಾ,” ಎಂದಳು. ಹೊರಡುವ ಮುನ್ನ ತೊಟ್ಟಿಲಿನ ತಳದಲ್ಲಿ ಹಳೇ ದಿನಪತ್ರಿಕೆ ಹಾಸಿ, ಅಂಚಿನ ಉದ್ದಕ್ಕೂ ಪೆನ್ಸಿಲಿನಿಂದ ಬರೆದು, ಬೋಲ್ಟಿನ ತಲೆ ಬಂದಲ್ಲಿ ಗುರುತು ಮಾಡಿ ಕತ್ತರಿಸಿಕೊಂಡೆ. ಅಪ್ಪ ಮಾಡಿದ್ದೂ ಹೀಗೇ ಇರಬೇಕು.

ಅಂದು ಕಲ್ಲನ್ನು ಎತ್ತಿದ ಕೈ ಯಾರದು ಎಂಬುದಕ್ಕೆ ಅಕ್ಕನ ಮಾತಿನ ಹೊರತು ಬೇರೆ ಆಧಾರ ನನಗೆ ಇನ್ನೂ ಸಿಕ್ಕಿಲ್ಲ, ಇನ್ನು ಸಿಗುವುದೂ ಇಲ್ಲ. ಆದರೆ ಇಷ್ಟನ್ನು ನಾನೇ ನೋಡಿ ಖಚಿತ ಮಾಡಿಕೊಂಡಿದ್ದೇನೆ: ಗೌಂಡಿ ಸಿಮೆಂಟು ಕೆತ್ತಿ ತೊಳೆದಿಟ್ಟ ಆ ಕಲ್ಲಿನ ಮುಂದಿನ ಎರಡು ಮೂಲೆಗಳನ್ನು ಕತ್ತರಿಸಲಾಗಿದೆ, ಅಂಚಿನಲ್ಲಿ ಅರ್ಧಚಂದ್ರ ಇದೆ, ಮತ್ತು ನಾನು ಒಯ್ದ ಕಾಗದ ಅದರ ಮೇಲೆ ಅಂಚಿಗೆ ಅಂಚು ಕೂತಿತು.