ಸಾರ್ವಜನಿಕ ಅಂತ ಒತ್ತಿದ್ದು ಅಪ್ಪ

ಇದನ್ನ ಇದುವರ್ಗೂ ಯಾರ್ಗೂ ಹೇಳಿಲ್ಲ, ನೆನಸ್ಕಂಡ್ರೆ ಈಗ್ಲೂ ಮೈಯೆಲ್ಲಾ ಉರೀತೈತೆ. ಮಧುಗಿರಿಲಿ ಕಥಾಸ್ಪರ್ಧೆ ಇತ್ತು. ನನ್ ಕಥೆ ಪ್ರಿಂಟ್ ಮಾಡಿ ಅವತ್ತು ಸಂಜೆಯೊಳಗೆ ತಲುಪಿಸ್ಬೇಕಿತ್ತು. ಬೆಳಿಗ್ಗೆ ಕಂಪ್ಯೂಟರ್ ಅಪ್‌ಡೇಟ್ ಆಗಿದ್ದೇ ಆಗಿದ್ದು, ಅದಕ್ಕೆ ನಮ್ಮನೆ ವೈಫೈ ಪ್ರಿಂಟರೇ ಕಾಣ್ದಂಗಾಯ್ತು. ಅಪ್ಪ ಮಿಡಿಗೇಶಿಯಿಂದ ರಿಪೇರಿಯವನನ್ನ ಕರೆಸಿದ್ರು.

ಅವನು ಎರಡ್ಸಲ ಆಫ್ ಮಾಡಿ ಆನ್ ಮಾಡ್ದ. "ಪ್ರಿಂಟರ್ ಹೋಗೈತೆ ಕಣಣ್ಣ, ಹೊಸದು ತಗಂಡ್ಬುಡಿ."

"ಅಣ್ಣ, ನೆಟ್‌ವರ್ಕ್ ಸೆಟ್ಟಿಂಗ್ ಒಂದ್ಸಲ ನೋಡಿ" ಅಂದೆ.

"ನೀನು ಒಳಗೋಗಿ ಕಾಫಿ ತಗಂಬಾ ಹೋಗಮ್ಮ" ಅಂದ, ನನ್ ಕಡೆ ತಿರುಗ್ದೇನೆ.

ನಾನು ಹೋಗ್ಲಿಲ್ಲ. ಅವನ ಕೈಯಿಂದ ಮೌಸ್ ಕಿತ್ಕಂಡೆ. ನೋಡಿದ್ರೆ ನಮ್ಮನೆ ನೆಟ್‌ವರ್ಕು 'ಸಾರ್ವಜನಿಕ' ಅಂತ ಆಗೋಗಿತ್ತು. ಅಂಗಿದ್ರೆ ಮನೆ ಪ್ರಿಂಟರ್‌ನೂ ಕಂಪ್ಯೂಟರ್ ನಂಬಲ್ಲ.

"ಯಾಕಪ್ಪ ಇದನ್ನ ಒತ್ತಿದ್ರಿ?" ಅಂತ ಅಪ್ಪನ್ನ ಕೇಳ್ದೆ.

"ಅಪ್‌ಡೇಟ್ ಆದ್ಮೇಲೆ ಖಾಸಗಿನೋ ಸಾರ್ವಜನಿಕನೋ ಅಂತ ಅದೇ ಕೇಳ್ತು ಕಣಮ್ಮ. ಬೀದಿಯೋರೆಲ್ಲಾ ನಮ್ ವೈಫೈನೇ ಬಳಸ್ತಾರೆ, ಸುಳ್ಳು ಹೇಳಕ್ಕಾಯ್ತದಾ?"

'ಖಾಸಗಿ' ಅಂತ ಒತ್ತಿದೆ. ಪ್ರಿಂಟರ್ ಕಾಣಿಸ್ಕಂತು, ಕಥೆ ಒಂದೊಂದೇ ಹಾಳೆ ಬಂತು.

"ನಾನೂ ಅದನ್ನೇ ಹೇಳಕ್ಕೆ ಹೊಂಟಿದ್ದೆ" ಅಂದ ಆ ರಿಪೇರಿಯವನು.

ನಾಲ್ಕು ಗಂಟೆ ಬಸ್ಸಿಗೆ ಕಥೆ ಹೋಯ್ತು. ಆ ಕಥೇಲೊಬ್ಬ ಕೆಟ್ಟವನವ್ನೆ. ಅವನಿಗೆ ಈ ರಿಪೇರಿಯವನ ಹೆಸರಿಡಕ್ಕೆ ಟೈಮ್ ಸಿಗ್ಲಿಲ್ವಲ್ಲಾ ಅನ್ನೋದೊಂದೇ ನಂಗೆ ಸಂಕಟ.