ಹನುಮಪ್ಪನ ಮಾವತನ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಹನುಮಪ್ಪನಿಗೆ ಒಂದು ಸಾಮ್ರಾಜ್ಯವಿತ್ತು. ಪ್ರಜೆ ಒಬ್ಬನೇ, ಚೀಲ ಹೊಲಿಯುವ ಶಮಶೇರಸಾಬ. ಅವನ ತಾಯಿ ತಾಜಬಿ ಹನುಮಪ್ಪನ ಓಣಿಯಲ್ಲಿ ಬೆಳೆದವಳು, ಹನುಮಪ್ಪನ ಅವ್ವನನ್ನು ದೊಡ್ಡವ್ವ ಎಂದು ಕರೆದವಳು. ಹಾಗಾಗಿ ವಯಸ್ಸಿನಲ್ಲಿ ಎರಡು ವರ್ಷ ಸಣ್ಣವನಾದರೂ ಹನುಮಪ್ಪ ಸೋದರಮಾವ. ಮಾವ ಅಳಿಯನನ್ನು ಕಾಡಬೇಕು, ಅಳಿಯ ತಿರುಗಿ ಕಚ್ಚಬೇಕು. ಇದು ನಮ್ಮ ಕಡೆಯ ಧರ್ಮ. ಇಪ್ಪತ್ತು ವರ್ಷ ಒಂದು ದಿನವೂ ಧರ್ಮ ಕೆಟ್ಟಿರಲಿಲ್ಲ.

“ಏ ಅಳಿಯಾ, ಚೀಲ ಹೊಲ್ಯಾಕತ್ತೀಯೋ, ನಿದ್ದಿ ಮಾಡಾಕತ್ತೀಯೋ?”

“ನಿನ್ನ ಹೊಟ್ಟಿ ಹೊಲಿಗಿ ಬಿಚ್ಚೈತಿ ಮಾವಾ. ದಬ್ಬಣ ತರ್ಲೇನು?”

ತೊಟ್ಟು ಬಿಡಿಸುವ ಹೆಂಗಸರು ನಕ್ಕು, ಘಾಟು ನೆತ್ತಿಗೇರಿ ಕೆಮ್ಮುತ್ತಿದ್ದರು.

ಎರಡು ಸಾವಿರದ ನಾಲ್ಕರಲ್ಲಿ ಸಾಮ್ರಾಜ್ಯ ಬಿತ್ತು. ಹನುಮಪ್ಪನ ಮಗನಿಗೆ ಹಲಗೇರಿಯ ರೈತ ಸಿದ್ದಲಿಂಗೇಶನ ಮಗಳು ನಿಶ್ಚಯವಾದಳು. ಎಲೆ-ಅಡಿಕೆ ಕೊಡುವ ಹೊತ್ತಿಗೆ ಬೀಗ ಸಿದ್ದಲಿಂಗೇಶ ಎದ್ದು ಹೋಗಿ, ಮೂಲೆಯಲ್ಲಿ ಕೂತಿದ್ದ ಶಮಶೇರಸಾಬನ ಕಾಲು ಮುಟ್ಟಿ, “ಮೊದಲ ನಮ್ಮ ಕಾಕಾಗ ಕೊಡ್ರಿ” ಎಂದ. ಶಮಶೇರಸಾಬನ ಹೆಂಡತಿಯ ತವರು ಹಲಗೇರಿ. ಸಿದ್ದಲಿಂಗೇಶ ಆಕೆಯನ್ನು ಚಿಗವ್ವ ಎನ್ನುತ್ತಿದ್ದ; ಚಿಕ್ಕಮ್ಮನ ಗಂಡ ಕಾಕಾ. ಬೀಗನಿಗೆ ಕಾಕಾ ಎಂದಮೇಲೆ ಹನುಮಪ್ಪನಿಗೂ ಹಿರಿಯನೇ. ಹನುಮಪ್ಪ ಕಾಲು ಮುಟ್ಟಲು ಬಗ್ಗಿ ಅರ್ಧಕ್ಕೆ ನಿಂತ. ಶಮಶೇರಸಾಬ ಆಶೀರ್ವಾದಕ್ಕೆ ಎತ್ತಿದ ಕೈಯಿಂದ ತಲೆ ಕೆರೆದುಕೊಂಡ.

ಮನೆಯಲ್ಲಿ ಹನುಮಪ್ಪನ ಹೆಂಡತಿ ಮಂಗಳವ್ವ ಕಾಯ್ದೆ ಹೊರಡಿಸಿದಳು: “ಇನ್ನ ಅಳಿಯಾ-ಗಿಳಿಯಾ ಅಂದೀರಿ, ಜ್ವಾಕಿ! ನಮ್ಮ ಹಿರ್ಯಾಗ ಕಿಮ್ಮತ್ ಇಲ್ಲದ ಮನಿಗೆ ಹುಡುಗಿ ಕೊಟ್ವಿ ಅಂತಾರ ಬೀಗರು.”

ಮರುದಿನ ಪೇಟೆಯಲ್ಲಿ ಹನುಮಪ್ಪ ಕೈ ಮುಗಿದ. “ಕಾಕಾರ, ಆರಾಮ ಅದೀರೇನ್ರಿ?”

“ಹೂಂನ್ರಿ. ನೀವು?”

ಹನುಮಪ್ಪ ಚೀಲಕ್ಕೆ ಕೈ ಹಾಕಿದ, ಶಮಶೇರಸಾಬ ಹೊಲಿಗೆಗೆ ಬಗ್ಗಿದ. ತೊಟ್ಟು ಬಿಡಿಸುತ್ತಿದ್ದ ದೇವವ್ವ ಕೈ ನಿಲ್ಲಿಸಿದಳು. “ಯಾಕೋ ಯಣ್ಣಾ, ಜಗಳಾಡೀರೇನು?”

“ಇಲ್ಲಬೇ,” ಎಂದ ಹನುಮಪ್ಪ, ಜ್ವರ ಬಂದವನ ದನಿಯಲ್ಲಿ. “ಮರ್ಯಾದಿ ಕೊಡಾಕತ್ತೇವಿ.”

ಎಂಟು ದಿನ ಮರ್ಯಾದೆ ನಡೆಯಿತು. ಹನುಮಪ್ಪನಿಗೆ ಊಟ ಸೇರದು, ಹೊತ್ತ ಚೀಲ ಎರಡು ಪಟ್ಟು ಭಾರ. ಗೆಳೆಯ ಕಣ್ಣೆದುರೇ ಕೂತಿದ್ದಾನೆ, ಆದರೆ ಇಲ್ಲ. ಒಂಬತ್ತನೆಯ ದಿನ ಶಮಶೇರಸಾಬನೇ ದಬ್ಬಣ ಎಸೆದ.

“ಈ ಹಿರೇತನ ನನಗ ಸಾಕು. ಪ್ಯಾಟಿ ಗೇಟಿನೊಳಗ ನೀ ಮಾವ, ಹೊರಗ ನಾ ಕಾಕಾ. ಒಪ್ಪಿಗಿ ಏನು?”

“ಒಪ್ಪಿಗಿ, ಹೊಲಸ ಅಳಿಯಾ!” ಎಂದು ಹನುಮಪ್ಪ ಗರ್ಜಿಸಿದ. ಎಂಟು ದಿನದ ಬಾಕಿ ಬೈಗುಳಕ್ಕೆ ಸಂಜೆಯತನಕದ ಹೊತ್ತೂ ಸಾಲಲಿಲ್ಲ.

ಮರುದಿನ ಇಬ್ಬರೂ ಕೂಡಿ ಬಂದು ಗೇಟು ದಾಟುತ್ತಿದ್ದರು. ಒಳಗಿನಿಂದ ಸಿದ್ದಲಿಂಗೇಶನ ದನಿ: “ಬರ್ರಿ ಬೀಗರ! ಕಾಕಾ, ಬರ್ರಿ! ಕಾಯಿ ಮಾರಾಕ ಬಂದೇನಿ, ಕೂಡಿ ಚಾ ಕುಡಿಯೂಣು.”

ಹನುಮಪ್ಪನ ಒಂದು ಕಾಲು ಒಳಗೆ, ಒಂದು ಹೊರಗೆ. ಒಳಗೆ ಹೋದರೆ ಒಪ್ಪಂದದಂತೆ ಅಳಿಯ; ಆದರೆ ಒಳಗೇ ಬೀಗ, ಅವನೆದುರು ಕಾಕಾ.

“ಮಾವಾ,” ಶಮಶೇರಸಾಬ ಪಿಸುಗುಟ್ಟಿದ, “ಈಗ ನಾ ಯಾರು?”

“ಸುಮ್ಮ ನಡಿಯೋ... ನಡೀರಿ... ಕಾಕಾ... ಅಳಿಯಾ...”